ವಾಲ್ವ್ ಆಂಪ್ಲಿಫಯರ್ ಗುಂಯ್ ಅಂತಿದೆ, ಏನು ಮಾಡಲಿ?

ಪ್ರಶ್ನೆ: ಗುಜರಿಯಲ್ಲಿ ಸಿಕ್ಕ ಹಳೇ ರೇಡಿಯೋದ ವಾಲ್ವ್‌ಗಳಿಂದ ಆಂಪ್ಲಿಫಯರ್ ಕಟ್ಟಿದ್ದೇನೆ. ಮೊದಲ ಹಂತಕ್ಕೆ ಇಸಿಸಿ83, ಸ್ಪೀಕರ್ ನಡೆಸಲು ಒಂದೇ ಒಂದು ಇಎಲ್84, ಎಸಿಯನ್ನು ಡಿಸಿ ಮಾಡುವ ರೆಕ್ಟಿಫಯರ್‌ಗೆ ಇಝಡ್80. ಹಾಡು ಚೆನ್ನಾಗಿ ಕೇಳುತ್ತೆ. ಆದರೆ ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್ ಸದ್ದು ಹೋಗುವುದಿಲ್ಲ. ಆ ಡಿಸಿಯ ಏರಿಳಿತ ಸಮ ಮಾಡುವ ಮೊದಲ ಫಿಲ್ಟರ್ ಕೆಪಾಸಿಟರನ್ನು 220 ಮೈಕ್ರೋಫ್ಯಾರಡ್‌ಗೆ ಏರಿಸಲಾ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಬೇಡ. ಇಝಡ್80 ಮುಂದಿನ ಮೊದಲ ಕೆಪಾಸಿಟರ್ 50 ಮೈಕ್ರೋಫ್ಯಾರಡ್ ದಾಟಬಾರದು, ದಾಟಿದರೆ ಪಾಪ ಆ ವಾಲ್ವ್ ಬೇಗ ಸಾಯುತ್ತೆ. ನಾನೂ ಒಮ್ಮೆ ಹೀಗೇ ಗುಂಯ್ ಸದ್ದಿನ ಹಿಂದೆ ಬಿದ್ದು ಮೂರು ಕೆಪಾಸಿಟರ್ ಬದಲಾಯಿಸಿದೆ, ದುಡ್ಡು ಹೋಯ್ತು, ಸದ್ದು ಹೋಗಲಿಲ್ಲ. ಕಳ್ಳ ಬೇರೆ ಕಡೆ ಇದ್ದ.

ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ವಾಲ್ವ್ ತಣ್ಣಗಾದ ಮೇಲೆ ಮೂರನ್ನೂ ತೆಗೆಯಿರಿ. ಸ್ಪೀಕರ್ ಹಾಗೇ ಇರಲಿ. ಈಗ ಸ್ವಿಚ್ ಹಾಕಿ ಸ್ಪೀಕರ್‌ಗೆ ಕಿವಿ ಕೊಡಿ. ಒಂದು ವಾಲ್ವೂ ಇಲ್ಲದೆ ಗುಂಯ್ ಅಂದರೆ ಅದು ಪವರ್ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಪಕ್ಕದ, ಸ್ಪೀಕರ್‌ಗೆ ಸದ್ದು ಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ನುಗ್ಗುತ್ತಿರುವ ಸದ್ದು. ನನ್ನದು ಇದೇ ಆಗಿತ್ತು: ಚಂದ ಕಾಣಲಿ ಅಂತ ಎರಡನ್ನೂ ಒಂದೇ ಸಾಲಿನಲ್ಲಿ ಅಂಟಿಸಿ ಕೂರಿಸಿದ್ದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸ್ಕ್ರೂ ಬಿಚ್ಚಿ, ಸ್ವಲ್ಪ ತಿರುಗಿಸಿ, ಮತ್ತೆ ಸ್ವಿಚ್ ಹಾಕಿ ಕೇಳಿ, ಹೀಗೇ ನಾಲ್ಕೈದು ಸಲ ಮಾಡಿದೆ. ಒಂದಕ್ಕೊಂದು ಅಡ್ಡಡ್ಡ ಬಂದಾಗ ಸದ್ದು ಕರಗಿ ಹೋಯ್ತು. ಸ್ವಿಚ್ ಆನ್ ಇದ್ದಾಗ ಮಾತ್ರ ಕೈ ಹಾಕಬೇಡಿ, ವಾಲ್ವ್ ಇಲ್ಲದಿದ್ದರೂ ರೆಕ್ಟಿಫಯರ್ ಸಾಕೆಟ್‌ನಲ್ಲಿ ಹೈವೋಲ್ಟೇಜ್ ಇರುತ್ತೆ.

ಸದ್ದೇ ಬರಲಿಲ್ವಾ? ಹಾಗಾದ್ರೆ ಇಸಿಸಿ83 ಒಂದನ್ನು ಬಿಟ್ಟು ಉಳಿದವನ್ನು ಹಾಕಿ. ಈಗಲೂ ಸುಮ್ಮನಿದ್ದರೆ ತಪ್ಪು ಮೊದಲ ಹಂತದಲ್ಲಿದೆ. ವಾಲ್ವನ್ನು ಒಳಗಿಂದ ಕಾಯಿಸುವ ಹೀಟರ್‌ನ ವೈರ್‌ಗಳನ್ನು ಜಡೆ ಹೆಣೆದ ಹಾಗೆ ಬಿಗಿಯಾಗಿ ಸುತ್ತಿ ಮೂಲೆಗೆ ಒತ್ತಿದ್ದೀರಾ? 6.3 ವೋಲ್ಟ್‌ನ ಎರಡೂ ತುದಿಯಿಂದ ತಲಾ 100 ಓಮ್ ರೆಸಿಸ್ಟರ್ ಗ್ರೌಂಡ್‌ಗೆ ಹಾಕಿದ್ದೀರಾ? ನೋಡಿ. ಇಸಿಸಿ83 ಇಲ್ಲದೆಯೂ ಗುಂಯ್ ಅಂದರೆ ಆಗ ಫಿಲ್ಟರ್ ಮೇಲೆ ಅನುಮಾನ ಪಡಬಹುದು. ಫಿಲ್ಟರ್ ಸದ್ದು 100 ಹರ್ಟ್ಸ್, ಹೀಟರ್ ಸದ್ದು 50. ಸಂಗೀತದ ಕಿವಿ ಇದ್ದರೆ 100 ಅಂದರೆ 50ರ ಅದೇ ಸ್ವರ, ಒಂದು ಸ್ಥಾಯಿ ಮೇಲೆ, ಅಂತ ತಿಳಿಯುತ್ತೆ. ಸಣ್ಣ ಸ್ಪೀಕರ್ 50 ಅನ್ನು ಸರಿಯಾಗಿ ನುಡಿಸೋದೇ ಇಲ್ಲ, ಅದು ಬೇರೆ ಮಾತು.

ಇನ್ನೊಂದು. ಒಂದು ವಾಲ್ವ್‌ನಿಂದ ಇನ್ನೊಂದಕ್ಕೆ ಸದ್ದು ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಆಗಿ ಹಳೇ ರೇಡಿಯೋದ್ದನ್ನೇ ಹಾಕಿದ್ದರೆ, ಇಎಲ್84ರ 2ನೇ ಪಿನ್‌ನಲ್ಲಿ ಮೀಟರ್ ಇಡಿ. ಸೊನ್ನೆ ಬರಬೇಕು. ಒಂದೆರಡು ವೋಲ್ಟ್ ಪ್ಲಸ್ ತೋರಿಸಿದರೆ ಅದು ಸೋರುತ್ತಿದೆ ಅಂತಾನೇ ತಿಳೀರಿ, ಇವತ್ತೇ ಬದಲಿಸಿ, ಇಲ್ಲದಿದ್ದರೆ ವಾಲ್ವ್‌ನ ಪ್ಲೇಟ್ ಕೆಂಪಗೆ ಕಾಯುತ್ತೆ. ಇದನ್ನು ನೋಡುವಾಗ ಒಂದು ಕೈ ಜೇಬಲ್ಲಿರಲಿ. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ 250 ವೋಲ್ಟ್ ಕೂತಿರಬಹುದು.

ಪ್ರಶ್ನೆ: ಒಂದು ಇಎಲ್84 ಕೊಡುವ 5 ವಾಟ್ ಏನಕ್ಕೆ ಸಾಕು?
– ಓದುಗರು, ಚಿತ್ರದುರ್ಗ

ಉತ್ತರ: ಮನೆಗೆ ಜಾಸ್ತೀನೇ. 1 ವಾಟ್‌ಗೆ 90 ಡೆಸಿಬಲ್ ಕೊಡುವ ಸ್ಪೀಕರ್ ಇದ್ದರೆ 5 ವಾಟ್‌ಗೆ ಸುಮಾರು 97 ಬರುತ್ತೆ, ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಗಣಪತಿ ಮೆರವಣಿಗೆಗೆ ಅಂತ ಕೇಳಿದ್ದರೆ, ಆಗಲ್ಲ.