ಕಂಪ್ಯೂಟರಿನಿಂದ ಎಲ್ಲ ಫೋನಿಗೂ ಎಸ್ಸೆಮ್ಮೆಸ್

ಪ್ರಶ್ನೆ: ನಮ್ಮ ಭಜನಾ ಮಂಡಳಿಯಲ್ಲಿ 45 ಸದಸ್ಯರಿದ್ದಾರೆ. ಹೆಚ್ಚಿನವರದು ಆಂಡ್ರಾಯ್ಡ್, ಕೆಲವರದು ಐಫೋನ್, ಹಿರಿಯರದು ಕೀಪ್ಯಾಡ್ ಸೆಟ್. ಸುದ್ದಿಯನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕಂಪ್ಯೂಟರಿನಲ್ಲೇ ಗೂಗಲ್ ಮೆಸೇಜಸ್ ತೆರೆದು ಕಳಿಸುತ್ತೇನೆ. ಒಮ್ಮೊಮ್ಮೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಹೋಗುತ್ತವೆ. ಪಟ್ಟಿಯ ಕೊನೆಯವರಿಗೆ ತಲುಪುವುದಿಲ್ಲ. ಕೀಪ್ಯಾಡಿನ ಕೆಲವರಿಗೆ ಸಂದೇಶ ತೆರೆಯುವುದೇ ಇಲ್ಲ.
– ಓದುಗರು, ಬ್ರಹ್ಮಾವರ

ಉತ್ತರ: ಮೂರಕ್ಕೂ ಕಾರಣ ಬೇರೆ ಬೇರೆ.

ಇಂಗ್ಲಿಷ್ ಅಕ್ಷರದ ಗೋಜಲು ನುಡಿಯ ಹಳೆಯ ಆಸ್ಕಿ ಫಾಂಟಿನದು. ಅದು ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ. ಎಲ್ಲೆಡೆ ಒಂದೇ ಆಗಿರುವ ಅಕ್ಷರ ಸಂಕೇತ ಯುನಿಕೋಡ್, ಆ ಆಯ್ಕೆಯಲ್ಲೇ ಟೈಪ್ ಮಾಡಿ. ಹಳೆಯ ಕಡತವಾದರೆ ಮೊದಲು ಯುನಿಕೋಡಿಗೆ ಪರಿವರ್ತಿಸಿ.

ಕೊನೆಯವರಿಗೆ ತಲುಪದಿರುವುದು ಹೆಚ್ಚಾಗಿ ಲೆಕ್ಕದ ಪ್ರಶ್ನೆ. ಇಂಗ್ಲಿಷ್ ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡಕ್ಕೆ 70. ಅದನ್ನು ಮೀರಿದರೆ ಸಂದೇಶ ತುಂಡಾಗಿ, ಕನ್ನಡದ ಒಂದೊಂದು ತುಂಡಿಗೆ 67 ಮಾತ್ರ ಸಿಗುತ್ತದೆ. ಅದರಲ್ಲೂ ಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುತ್ತವೆ. ‘ಶ್ರೀಕೃಷ್ಣ’ ಕಣ್ಣಿಗೆ ಮೂರಕ್ಷರ, ಫೋನಿಗೆ ಒಂಬತ್ತು! ಹೆಚ್ಚಿನ ಪ್ರಿಪೇಯ್ಡ್ ಪ್ಲಾನ್‌ಗಳಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್. ಪ್ರತಿ ತುಂಡೂ ಒಂದೊಂದು. ಸಂದೇಶ ಮೂರು ತುಂಡಾದರೆ 33 ಜನರಿಗೆ ಕಳಿಸುವಷ್ಟರಲ್ಲಿ 99 ಮುಗಿಯುತ್ತದೆ, ಉಳಿದ 12 ಮಂದಿಗೆ ಕೋಟಾ ಇಲ್ಲ. 134ರೊಳಗೆ ಮುಗಿಸಿದರೆ ಎರಡೇ ತುಂಡು, 45 ಜನರಿಗೆ 90. ಆಮಂತ್ರಣ ಪತ್ರಿಕೆಯ ಒಕ್ಕಣೆ ಬೇಡ. ದಿನ, ಗಂಟೆ, ಜಾಗ ಸಾಕು.

ಕೀಪ್ಯಾಡಿನ ಸಮಸ್ಯೆ ಸೆಟ್ಟಿಂಗಿನದು. ಹಲವು ನಂಬರ್ ಒಟ್ಟಿಗೆ ಹಾಕಿದಾಗ ನಿಮ್ಮ ಫೋನ್ ಅದನ್ನು ಗುಂಪು ಎಂಎಂಎಸ್ (ಚಿತ್ರ, ಧ್ವನಿಯನ್ನೂ ಕಳಿಸಬಲ್ಲ ಬಗೆಯ ಸಂದೇಶ) ಮಾಡಿ ಕಳಿಸುತ್ತಿರಬಹುದು. ಅದನ್ನು ತೆರೆಯಲು ಆ ಕಡೆಯ ಫೋನಿನಲ್ಲಿ ಎಂಎಂಎಸ್ ಸೌಲಭ್ಯವೂ ಡೇಟಾ ಸಂಪರ್ಕವೂ ಬೇಕು. ಮೊಬೈಲಿನ ಗೂಗಲ್ ಮೆಸೇಜಸ್ ತೆರೆದು ಮೇಲಿನ ನಿಮ್ಮ ಚಿತ್ರ ಒತ್ತಿ, ಮೆಸೇಜಸ್ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್, ಗ್ರೂಪ್ ಮೆಸೇಜಿಂಗ್‌ಗೆ ಹೋಗಿ, ‘ಮಾಸ್ ಟೆಕ್ಸ್ಟ್’ ಎಂದಿರುವ ಆಯ್ಕೆಗೆ ಬದಲಿಸಿ. ಆಗ ಒಬ್ಬೊಬ್ಬರಿಗೂ ಪ್ರತ್ಯೇಕ ಎಸ್ಸೆಮ್ಮೆಸ್ ಹೋಗುತ್ತದೆ, ಐಫೋನಿನವರಿಗೂ ಅಷ್ಟೇ. ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಕಂಪ್ಯೂಟರ್ ಬರೀ ಕಿಟಕಿ: ಸಂದೇಶ ಹೊರಡುವುದು ನಿಮ್ಮ ಸಿಮ್ಮಿನಿಂದಲೇ. ಹಾಗಾಗಿ ಫೋನ್ ಆನ್ ಇದ್ದು ನೆಟ್ ಇರಬೇಕು.

ಒಂದೇ ಏಟಿಗೆ 45 ನಂಬರ್ ತುಂಬಬೇಡಿ, ಹದಿನೈದರಂತೆ ಮೂರು ತಂಡ ಮಾಡಿ. ಇಲ್ಲೊಂದು ಸೂಕ್ಷ್ಮವಿದೆ. ತಂಡದ ಎಲ್ಲರ ಫೋನಿನಲ್ಲೂ ಆರ್‌ಸಿಎಸ್ (ನೆಟ್ ಮೂಲಕ ಹೋಗುವ ಹೊಸ ಬಗೆಯ ಸಂದೇಶ) ಇದ್ದರೆ ಅದು ಎಸ್ಸೆಮ್ಮೆಸ್ ಆಗದೆ ಗುಂಪು ಚಾಟ್ ಆಗಿಬಿಡುತ್ತದೆ, ಒಬ್ಬರು ‘ಬರ್ತೇನೆ’ ಎಂದದ್ದು ಹದಿನೈದೂ ಜನರಿಗೆ ಟಿಣ್ ಎನ್ನುತ್ತದೆ. ಪ್ರತಿ ತಂಡಕ್ಕೂ ಕೀಪ್ಯಾಡಿನವರ ಒಂದು ನಂಬರ್ ಸೇರಿಸಿದರೆ ಈ ತಲೆನೋವಿಲ್ಲ.

ಕನ್ನಡ ಫಾಂಟೇ ಇಲ್ಲದ ಹಳೆಯ ಸೆಟ್ಟಿನಲ್ಲಿ ಬರೀ ಚೌಕಗಳು ಕಾಣುತ್ತವೆ. ಅಂಥವರ ಪಟ್ಟಿ ಬೇರೆಯೇ ಇಟ್ಟುಕೊಂಡು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದು ಕಳಿಸಿ. ಅದರಲ್ಲಿ ರೂಪಾಯಿ ಚಿಹ್ನೆ, ಇಮೋಜಿ, ವರ್ಡ್‌ನಿಂದ ಬಂದ ಬಾಗಿದ ಉದ್ಧರಣ ಚಿಹ್ನೆ ಯಾವುದೂ ಇರಬಾರದು. ಒಂದು ನುಸುಳಿದರೂ ಇಡೀ ಸಂದೇಶದ ಮಿತಿ 160ರಿಂದ 70ಕ್ಕೆ ಇಳಿಯುತ್ತದೆ.