ಅಜೈಲ್ ಸರ್ಟಿಫಿಕೇಟ್‌ಗೆ ಸಾಲ ಮಾಡಬೇಕಾ? ಬೆಳಗಾವಿಯಿಂದ ನನ್ನ ಉತ್ತರ

ನೀವು ಕೇಳಿದ್ದು ಇಷ್ಟು: ಬೆಳಗಾವಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಟೆಸ್ಟಿಂಗ್ ಮಾಡುತ್ತಿದ್ದೀರಿ. ಪ್ರಾಜೆಕ್ಟ್ ನಡೆಸುವ ಕೆಲಸಕ್ಕೆ ಹೋಗುವ ಆಸೆ ಇದೆ. ಊರಲ್ಲೇ ಒಂದು ಕೋಚಿಂಗ್ ಸಂಸ್ಥೆ ಮೂರು ಅಜೈಲ್ ಸರ್ಟಿಫಿಕೇಟ್‌ಗೆ ಸೇರಿಸಿ 65 ಸಾವಿರ ಕೇಳುತ್ತಿದೆ. (ಅಜೈಲ್ ಅಂದರೆ ಸಾಫ್ಟ್‌ವೇರನ್ನು ಸಣ್ಣ ಸಣ್ಣ ತುಂಡಾಗಿ ಮಾಡಿ, ಆಗಾಗ ತೋರಿಸಿ ತಿದ್ದಿಕೊಳ್ಳುತ್ತಾ ಹೋಗುವ ಪದ್ಧತಿ.) ಸೊಸೈಟಿಯಲ್ಲಿ ಸಾಲ ತೆಗೆದು ಮಾಡಲಾ, ಬೇಡವಾ?

ಸಾಲ ಬೇಡ. ಮೂರಂತೂ ಖಂಡಿತ ಬೇಡ. ಒಂದು ಮಾಡಬಹುದು, ಅದೂ ಅದನ್ನು ಕೇಳುವ ಕೆಲಸ ಕಣ್ಣೆದುರು ಬಂದಾಗ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೇ ದಾರಿಯಲ್ಲಿ ನಾನೂ ಬಂದವಳು. ಇಲ್ಲೇ ಇಂಜಿನಿಯರಿಂಗ್ ಓದಿ, ಎಂಟು ವರ್ಷ ಬೆಂಗಳೂರಿನಲ್ಲಿದ್ದು, ಈಗ ಟಿಳಕವಾಡಿಯ ಮನೆಯಿಂದ ಕೆಲಸ ಮಾಡುತ್ತೇನೆ. ತಂಡಕ್ಕೆ ಜನರನ್ನು ಆರಿಸುವುದೂ ಈಗ ನನ್ನ ಕೆಲಸ. ಒಂದು ಕಾಲಕ್ಕೆ ಸರ್ಟಿಫಿಕೇಟ್ ತೋರಿಸಿ ಕೆಲಸ ಕೇಳಿದ್ದೆ, ಈಗ ಬೇರೆಯವರ ಸರ್ಟಿಫಿಕೇಟ್ ನೋಡುತ್ತೇನೆ.

ಮೊದಲು ದುಡ್ಡಿನ ಮಾತು ಮುಗಿಸೋಣ. ನಿಮಗೆ ಹೇಳಿರುವ ಮೂರು ಹೆಸರು ಸಿಎಸ್‌ಎಂ, ಪಿಎಸ್‌ಎಂ, ಪಿಎಂಪಿ. ಮೊದಲಿನ ಎರಡೂ ಸ್ಕ್ರಮ್ ಮಾಸ್ಟರ್ ಸರ್ಟಿಫಿಕೇಟ್‌ಗಳೇ. ಸ್ಕ್ರಮ್ ಅಂದರೆ ಅಜೈಲ್‌ನ ಒಂದು ವಿಧಾನ, ತಂಡ ಅದರಂತೆ ನಡೆಯುವ ಹಾಗೆ ನೋಡಿಕೊಳ್ಳುವವರು ಸ್ಕ್ರಮ್ ಮಾಸ್ಟರ್. ಸಿಎಸ್‌ಎಂ ಅನ್ನು ಸ್ಕ್ರಮ್ ಅಲೈಯನ್ಸ್ ಅನ್ನುವ ಸಂಸ್ಥೆ ಕೊಡುತ್ತದೆ, ಪಿಎಸ್‌ಎಂ ಅನ್ನು ಸ್ಕ್ರಮ್ ಡಾಟ್ ಆರ್ಗ್. ಸ್ಕ್ರಮ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಕೆನ್ ಶ್ವೇಬರ್ ಮೊದಲಿನ ಸಂಸ್ಥೆಯಿಂದ ಹೊರಬಂದು 2009ರಲ್ಲಿ ಎರಡನೆಯದನ್ನು ಶುರು ಮಾಡಿದರು. ಅಂದರೆ ಎರಡೂ ಒಂದೇ ಮನೆಯಿಂದ ಬಂದವು. ಎರಡನ್ನೂ ಮಾಡಿದರೆ ಒಂದೇ ಪಾಠಕ್ಕೆ ಎರಡು ಸಲ ಫೀಸು ಕಟ್ಟಿದ ಹಾಗೆ.

ಸಿಎಸ್‌ಎಂಗೆ ಅವರ ತರಬೇತಿ ಕಡ್ಡಾಯ. ದುಡ್ಡು ಜಾಸ್ತಿ ಹೋಗುವುದು ಅಲ್ಲೇ. ಪರೀಕ್ಷೆ ಕಷ್ಟ ಇಲ್ಲ, 50 ಪ್ರಶ್ನೆಗೆ 37 ಸರಿ ಬಂದರೆ ಪಾಸು. ಎರಡು ವರ್ಷ ಆದ ಮೇಲೆ 100 ಡಾಲರ್ ಕಟ್ಟಿ ನವೀಕರಿಸಬೇಕು. ಪಿಎಸ್‌ಎಂ ಮೊದಲ ಹಂತಕ್ಕೆ ಯಾವ ತರಬೇತಿಯೂ ಕಡ್ಡಾಯವಲ್ಲ. ಮನೆಯಲ್ಲಿ ಕೂತು ಓದಿ 200 ಡಾಲರ್ ಕಟ್ಟಿ ಬರೆಯಬಹುದು, ನಮ್ಮ ಲೆಕ್ಕದಲ್ಲಿ 17-18 ಸಾವಿರದ ಆಸುಪಾಸು. ಒಮ್ಮೆ ಪಾಸಾದರೆ ನವೀಕರಣದ ಗೊಡವೆ ಇಲ್ಲ. ಆದರೆ ಪರೀಕ್ಷೆ ಗಟ್ಟಿ. 60 ನಿಮಿಷದಲ್ಲಿ 80 ಪ್ರಶ್ನೆ, ನೂರಕ್ಕೆ 85 ಬರಬೇಕು. ಅಂದರೆ ಒಂದು ಪ್ರಶ್ನೆಗೆ 45 ಸೆಕೆಂಡು. ನನ್ನ ಹಾಗೆ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಉತ್ತರ ಗೊತ್ತಿದ್ದರೂ ಆ ಇಂಗ್ಲಿಷ್ ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳುವುದರಲ್ಲೇ ಅರ್ಧ ಸಮಯ ಹೋಗುತ್ತದೆ. ಇದನ್ನು ಯಾವ ಕೋಚಿಂಗ್‌ನವರೂ ನಿಮಗೆ ಹೇಳಿರುವುದಿಲ್ಲ. ಗಡಿಯಾರ ಇಟ್ಟುಕೊಂಡು ಓದುವ ಅಭ್ಯಾಸ ಮಾಡಿ.

ಪಿಎಂಪಿಯ ಕಥೆಯೇ ಬೇರೆ. ಅದು ಒಟ್ಟಾರೆ ಪ್ರಾಜೆಕ್ಟ್ ನಡೆಸುವುದರ ಸರ್ಟಿಫಿಕೇಟ್, ಪಿಎಂಐ ಸಂಸ್ಥೆಯದು, ಮೂರರಲ್ಲಿ ಅದಕ್ಕೇ ತೂಕ ಜಾಸ್ತಿ. 2021ರಲ್ಲಿ ಪರೀಕ್ಷೆ ಬದಲಾದಾಗ ಸುಮಾರು ಅರ್ಧದಷ್ಟು ಪ್ರಶ್ನೆಗಳು ಅಜೈಲ್ ಮತ್ತು ಮಿಶ್ರ ಪದ್ಧತಿಯ ಮೇಲೇ ಬರತೊಡಗಿದವು. ಆದರೆ ಪರೀಕ್ಷೆಗೆ ಕೂರಲಿಕ್ಕೇ ಡಿಗ್ರಿ ಇದ್ದವರಿಗೆ 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಬೇಕು, ಜೊತೆಗೆ 35 ಗಂಟೆ ತರಬೇತಿ. ನಿಮ್ಮ ನಾಲ್ಕು ವರ್ಷದ ಟೆಸ್ಟಿಂಗ್ ಹಾಗೇ ಲೆಕ್ಕಕ್ಕೆ ಬರುವುದಿಲ್ಲ, ಮುನ್ನಡೆಸಿದ ತಿಂಗಳು ಮಾತ್ರ ಬರುತ್ತವೆ. "ಅನುಭವದ ಕಾಲಂ ನಾವೇ ತುಂಬಿಸಿ ಕೊಡ್ತೀವಿ" ಎಂದು ಅವರು ಹೇಳಿದ್ದಾರೆ ಅಂತ ಬರೆದಿದ್ದೀರಿ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಪಿಎಂಐನವರು ಕೆಲವು ಅರ್ಜಿಗಳನ್ನು ಆರಿಸಿ ಆಡಿಟ್ ಮಾಡುತ್ತಾರೆ. ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಹೆಸರು, ಕೋಚಿಂಗ್‌ನವರದ್ದಲ್ಲ.

ಸರ್ಟಿಫಿಕೇಟ್ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ? ಬೆಂಗಳೂರು, ಪುಣೆಯ ದೊಡ್ಡ ಕಂಪನಿಗಳಲ್ಲಿ ನಿಮ್ಮ ರೆಸ್ಯೂಮೆ ಮೊದಲು ಎಚ್‌ಆರ್ ಕೈಗೆ ಹೋಗುತ್ತದೆ. ಸಾವಿರ ಅರ್ಜಿ ಬಂದಿರುತ್ತವೆ. ಅವರು ಸಿಎಸ್‌ಎಂ, ಪಿಎಸ್‌ಎಂ ಅಂತ ಟೈಪ್ ಮಾಡಿ ಸೋಸುತ್ತಾರೆ. ಆ ಜರಡಿಯಲ್ಲಿ ನಿಲ್ಲಲಿಕ್ಕೆ ಆ ಮೂರಕ್ಷರ ಬೇಕು, ಇದನ್ನು ಅಲ್ಲಗಳೆಯುವುದಿಲ್ಲ. ನನಗೆ ಮೊದಲ ಸ್ಕ್ರಮ್ ಮಾಸ್ಟರ್ ಇಂಟರ್ವ್ಯೂ ಸಿಕ್ಕಿದ್ದೂ ಸಿಎಸ್‌ಎಂ ಇದ್ದದ್ದರಿಂದಲೇ. ಬೆಳಗಾವಿಯಲ್ಲಿ ನಾನು ನೋಡಿದ ಮಟ್ಟಿಗೆ ಇಂಟರ್ವ್ಯೂ ಮಾಡುವುದು ಮಾಲೀಕರೇ. ಅವರು ನಿಮ್ಮ ಹಳೇ ಆಫೀಸಿಗೆ ಫೋನ್ ಮಾಡಿ "ಹುಡುಗ ಹೆಂಗದಾನ್ರಿ?" ಅಂತ ಕೇಳುತ್ತಾರೆ. ಸರ್ಟಿಫಿಕೇಟ್ ಫೈಲಿನಲ್ಲೇ ಇರುತ್ತದೆ.

ಇನ್ನು ನಾನು ನಿಜಕ್ಕೂ ಹೇಳಬೇಕಾದ ಮಾತು. ಇಂಟರ್ವ್ಯೂ ಪಾಸಾಗಿ ಕೆಲಸಕ್ಕೆ ಸೇರಿದೆ. ಎಂಟು ಜನರ ತಂಡ. ಎರಡು ದಿನದ ತರಬೇತಿಯಲ್ಲಿ ಕಲಿತದ್ದೆಲ್ಲ ಮಾಡಿದೆ. ದಿನಾ ಬೆಳಿಗ್ಗೆ 15 ನಿಮಿಷದ ಮೀಟಿಂಗ್, ಎರಡು ವಾರದ ಸ್ಪ್ರಿಂಟ್ (ಇಷ್ಟು ಕೆಲಸ ಮುಗಿಸುತ್ತೇವೆ ಅಂತ ಒಪ್ಪಿಕೊಳ್ಳುವ ಅವಧಿ), ಕೊನೆಗೆ ರೆಟ್ರೋಸ್ಪೆಕ್ಟಿವ್, ಅಂದರೆ ಏನು ಸರಿಹೋಯಿತು, ಏನು ತಪ್ಪಿತು ಅಂತ ಕೂತು ನೋಡುವ ಮೀಟಿಂಗ್. ಮೂರು ಸ್ಪ್ರಿಂಟ್ ಆದರೂ ಒಪ್ಪಿಕೊಂಡ ಕೆಲಸ ಒಮ್ಮೆಯೂ ಮುಗಿಯಲಿಲ್ಲ. ರೆಟ್ರೋದಲ್ಲಿ "ಏನು ತಪ್ಪಾಯಿತು?" ಅಂತ ಕೇಳಿದರೆ ಎಲ್ಲರೂ ಲ್ಯಾಪ್‌ಟಾಪ್ ನೋಡುತ್ತಿದ್ದರು. "ಎಲ್ಲಾ ಓಕೆ ಮೇಡಂ." ಅಷ್ಟೇ.

ಆ ರಾತ್ರಿ ಮನೆಗೆ ಫೋನ್ ಮಾಡಿ ಅಪ್ಪನ ಹತ್ತಿರ ಗೋಳು ತೋಡಿಕೊಂಡೆ. ಅಪ್ಪ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಕರಗಿದ ಲೋಹವನ್ನು ಮರಳಿನ ಅಚ್ಚಿಗೆ ಹೊಯ್ಯುವ ಕಾರ್ಖಾನೆಯಲ್ಲಿ, ಮೂವತ್ತು ವರ್ಷ ಕೆಲಸ ಮಾಡಿದವರು. ಸಣ್ಣವಳಿದ್ದಾಗ ಅವರಿಗೆ ಊಟದ ಡಬ್ಬಿ ಕೊಡಲು ಹೋದಾಗೆಲ್ಲ ಬಾಗಿಲ ಪಕ್ಕದ ಕರಿಹಲಗೆ ನೋಡುತ್ತಿದ್ದೆ. ಶಿಫ್ಟ್ ಬದಲಾಗುವಾಗ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು: ಇವತ್ತು ಎಷ್ಟು ಕ್ಯಾಸ್ಟಿಂಗ್, ಎಷ್ಟು ರಿಜೆಕ್ಟ್, ಯಾತಕ್ಕೆ ರಿಜೆಕ್ಟ್. ಬ್ಲೋ ಹೋಲ್ (ಎರಕದಲ್ಲಿ ಬೀಳುವ ತೂತು) ಇಷ್ಟು, ಕೋರ್ (ಒಳಗಿನ ಅಚ್ಚು) ಸರಿದದ್ದು ಇಷ್ಟು. ಯಾರ ಹೆಸರೂ ಇರುತ್ತಿರಲಿಲ್ಲ. ಮಳೆಗಾಲ ಹತ್ತಿತೆಂದರೆ ಬ್ಲೋ ಹೋಲ್ ಲೆಕ್ಕ ಏರುತ್ತಿತ್ತು. ಹೊಸ ಸೂಪರ್‌ವೈಸರ್ ಬಂದರೆ ಮೋಲ್ಡಿಂಗ್ ಮಾಡುವ ಹುಡುಗರನ್ನು ಬೈಯುತ್ತಿದ್ದರು. ಅಪ್ಪ ಮರಳನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ ನೋಡುತ್ತಿದ್ದರು. ಮರಳಿನಲ್ಲಿ ತೇವ ಜಾಸ್ತಿಯಾದರೆ ಕಾದ ಲೋಹ ಬಿದ್ದಾಗ ಅದು ಆವಿಯಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ, ತೂತು ಬೀಳುತ್ತದೆ. ಹುಡುಗರ ತಪ್ಪು ಅಲ್ಲವೇ ಅಲ್ಲ.

ಫೋನಿನಲ್ಲಿ ಅಪ್ಪ ಹೇಳಿದ್ದು ಇಷ್ಟೇ: "ಯಾರ ಕೈಯಾಗ ಕೆಟ್ಟಿತು ಅಂತ ಕೇಳಿದ್ರ ಎಲ್ಲಾರೂ ಬಾಯಿ ಮುಚ್ಚತಾರ ನೋಡವಾ. ಯಾಕ ಕೆಟ್ಟಿತು ಅಂತ ಕೇಳು."

ಮುಂದಿನ ರೆಟ್ರೋಗೆ ನಾನು ಪ್ರಶ್ನೆ ಕೇಳಲಿಲ್ಲ. ಬೋರ್ಡ್ ಮೇಲೆ ಒಂದೇ ಒಂದು ಕೆಲಸದ ಜಾತಕ ಬರೆದೆ. ಸೋಮವಾರ ಶುರು. ಕೋಡ್ ಬರೆಯಲು ಎರಡು ದಿನ. ಟೆಸ್ಟ್ ಮಾಡಲು ಅರ್ಧ ದಿನ. ನಡುವೆ ಆರು ದಿನ ಖಾಲಿ. ಆ ಆರು ದಿನದ ಸುತ್ತ ಗೆರೆ ಎಳೆದು ಸುಮ್ಮನೆ ನಿಂತೆ. ಸ್ವಲ್ಪ ಹೊತ್ತು ಬಿಟ್ಟು, ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಟೆಸ್ಟಿಂಗ್ ಹುಡುಗ ಬಾಯಿ ಬಿಟ್ಟ. "ಮೇಡಂ, ಟೆಸ್ಟ್ ಸರ್ವರ್‌ಗೆ ಪರ್ಮಿಷನ್ ಕೊಡೋರು ಒಬ್ಬರೇ ಇದಾರೆ. ಅವರು ಅಮೆರಿಕದಲ್ಲಿ. ನಾನು ಬೆಳಿಗ್ಗೆ ಮೇಲ್ ಹಾಕಿದ್ರೆ ಅವರು ನೋಡೋದು ರಾತ್ರಿ, ವಾಪಸ್ ಏನೋ ಕೇಳ್ತಾರೆ, ಮತ್ತೆ ಒಂದು ದಿನ." ನಮ್ಮ ಮರಳಿನ ತೇವ ಅಲ್ಲಿತ್ತು. ಆ ಪರ್ಮಿಷನ್ ಇಲ್ಲಿಯವರೊಬ್ಬರಿಗೆ ಕೊಡಿಸಲು ನನಗೆ ಹತ್ತು ದಿನ ಹಿಡಿಯಿತು. ಆಮೇಲಿನ ಸ್ಪ್ರಿಂಟ್‌ನಲ್ಲಿ ಮೊದಲ ಸಲ ಎಲ್ಲಾ ಕೆಲಸ ಮುಗಿಯಿತು.

ಇದು ಯಾವ ಪರೀಕ್ಷೆಯಲ್ಲೂ ಇರಲಿಲ್ಲ. ಹಾಗಂತ ಸ್ಕ್ರಮ್ ಸುಳ್ಳು ಅಂತಲೂ ಅಲ್ಲ. ರೆಟ್ರೋ ಇರುವುದೇ ಇದಕ್ಕಾಗಿ. ಕಾಗದದ ಮೇಲೆ ನನಗೆ ಅದು ಗೊತ್ತಿತ್ತು, ಮಾಡಲು ಗೊತ್ತಿರಲಿಲ್ಲ.

ಈಗ ನಾನು ಇಂಟರ್ವ್ಯೂ ಮಾಡುವಾಗ ಮೊದಲು ಇದನ್ನೇ ಕೇಳುತ್ತೇನೆ: ನಿಮ್ಮ ಕೆಟ್ಟ ಸ್ಪ್ರಿಂಟ್ ಒಂದರ ಬಗ್ಗೆ ಹೇಳಿ. ಕಳೆದ ವರ್ಷ ಒಂದೇ ದಿನ ಇಬ್ಬರು ಬಂದಿದ್ದರು. ಒಬ್ಬರ ಹತ್ತಿರ ಮೂರು ಸರ್ಟಿಫಿಕೇಟ್. ಸ್ಪ್ರಿಂಟ್ ರದ್ದು ಮಾಡುವ ಅಧಿಕಾರ ಯಾರಿಗೆ ಅಂದರೆ ತಕ್ಷಣ "ಪ್ರಾಡಕ್ಟ್ ಓನರ್" (ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವವರು) ಅಂದರು. ಸರಿಯಾದ ಉತ್ತರ. ನಿಮ್ಮ ತಂಡದಲ್ಲಿ ರದ್ದು ಮಾಡಬೇಕಾಗಿ ಬಂದದ್ದು ಯಾವಾಗ ಅಂದರೆ ಮಾತು ನಿಂತುಹೋಯಿತು. ಅವರು ಜಾಣರೇ. ಆದರೆ ತಂಡದ ನಡುವೆ ನಿಲ್ಲುವ ಅವಕಾಶ ಅವರಿಗೆ ಯಾರೂ ಕೊಟ್ಟಿರಲಿಲ್ಲ. ಇನ್ನೊಬ್ಬಳು ಬೈಲಹೊಂಗಲದ ಹುಡುಗಿ, ಒಂದೂ ಸರ್ಟಿಫಿಕೇಟ್ ಇಲ್ಲ. ರಿಲೀಸ್‌ಗೆ ಎರಡು ದಿನ ಇರುವಾಗ ಪೇಮೆಂಟ್ ಭಾಗ ಪೂರ್ತಿ ಟೆಸ್ಟ್ ಆಗಿಲ್ಲ ಅಂತ ಗೊತ್ತಾಗಿ, ಕ್ಲೈಂಟ್‌ಗೆ ತಾನೇ ಫೋನ್ ಮಾಡಿ, ಐದು ಭಾಗದಲ್ಲಿ ಮೂರು ಮಾತ್ರ ಈಗ ಕೊಡುತ್ತೇವೆ ಅಂತ ಒಪ್ಪಿಸಿದ್ದನ್ನು ಹೇಳಿದಳು. ಫೋನ್ ಮಾಡುವ ಮೊದಲು ಏನೇನು ಹೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಂಡಿದ್ದಳಂತೆ. ಅವಳನ್ನು ತೆಗೆದುಕೊಂಡೆವು. ಆರು ತಿಂಗಳ ಮೇಲೆ ಕ್ಲೈಂಟ್ ಕಡೆಯವರು ಸರ್ಟಿಫಿಕೇಟ್ ಕೇಳಿದಾಗ ಪಿಎಸ್‌ಎಂ ಫೀಸು ಕಂಪನಿಯೇ ಕಟ್ಟಿತು. ನಿಮ್ಮ ಕಂಪನಿಯಲ್ಲೂ ಒಮ್ಮೆ ಕೇಳಿ ನೋಡಿ. ಕೇಳಲು ನಾಚಿಕೆ ಏಕೆ?

ಇನ್ನೊಂದು ವಿಷಯ ತಿಳಿದಿರಲಿ. 2023ರ ಜನವರಿಯಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕು ಅಜೈಲ್ ಹೆಸರಿನ ಹುದ್ದೆಗಳ ವಿಭಾಗವನ್ನೇ ತೆಗೆದುಹಾಕಿತು, 1,100ಕ್ಕೂ ಹೆಚ್ಚು ಹುದ್ದೆ ಹೋದವು. ಆ ಕೆಲಸವನ್ನು ಇಂಜಿನಿಯರುಗಳು ಮತ್ತು ಪ್ರಾಡಕ್ಟ್ ಮ್ಯಾನೇಜರುಗಳು ಮಾಡಲಿ ಎಂದರು. ಹೆದರಿಸಲಿಕ್ಕೆ ಹೇಳುತ್ತಿಲ್ಲ. ಬರೀ ಸ್ಕ್ರಮ್ ಮಾಸ್ಟರ್ ಅನ್ನುವ ಹೆಸರನ್ನು ನಂಬಿ ನಿಮ್ಮ ಟೆಸ್ಟಿಂಗ್ ಕೈಬಿಡಬೇಡಿ ಅಂತ ಹೇಳುತ್ತಿದ್ದೇನೆ. ಟೆಸ್ಟಿಂಗ್, ಸ್ಕ್ರಮ್ ಎರಡೂ ಬಲ್ಲವರಿಗೆ ನನ್ನ ತಂಡದಲ್ಲಿ ಯಾವತ್ತೂ ಜಾಗ ಇರುತ್ತದೆ.

ಹಾಗಾದರೆ ಏನು ಮಾಡಬೇಕು? ಸ್ಕ್ರಮ್‌ನ ನಿಯಮಗಳಿರುವ ಸ್ಕ್ರಮ್ ಗೈಡ್ ಓದಿ. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, 2020ರ ಆವೃತ್ತಿ 13-14 ಪುಟ ಅಷ್ಟೇ. ಒಂದು ಸಂಜೆಯ ಕೆಲಸ. ಓದಿದಾಗ ಒಂದು ಆಶ್ಚರ್ಯ ಆಗುತ್ತದೆ. ಆಫೀಸಿನಲ್ಲಿ ದಿನಾ ಕೇಳುವ ಸ್ಟೋರಿ ಪಾಯಿಂಟ್ (ಕೆಲಸ ಎಷ್ಟು ದೊಡ್ಡದು ಅಂತ ಅಂದಾಜಿಸುವ ಅಂಕ) ಅದರಲ್ಲಿ ಇಲ್ಲವೇ ಇಲ್ಲ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಅಡ್ಡಿ ಏನು, ಬೆಳಗಿನ ಮೀಟಿಂಗ್‌ನ ಈ ಮೂರು ಪ್ರಶ್ನೆಗಳನ್ನೂ 2020ರಲ್ಲಿ ತೆಗೆದಿದ್ದಾರೆ. ಕೋಚಿಂಗ್‌ನವರು ಕೊಡುವ "ಇದೇ ಪ್ರಶ್ನೆ ಬರುತ್ತೆ" ಅನ್ನುವ ಪಿಡಿಎಫ್‌ಗಳನ್ನು ನಂಬಬೇಡಿ ಅನ್ನುವುದೂ ಇದಕ್ಕೇ. ನನ್ನ ಗೆಳತಿ ಅಂಥದ್ದೊಂದನ್ನು ಬಾಯಿಪಾಠ ಮಾಡಿ ಹೋಗಿದ್ದಳು. ಅದರಲ್ಲಿದ್ದದ್ದು ಹಳೇ ಗೈಡಿನ ಉತ್ತರಗಳು. ಫೇಲ್ ಆದಳು, ಕಟ್ಟಿದ ದುಡ್ಡೂ ಹೋಯಿತು. ಎಷ್ಟು ಅತ್ತಳು ಅಂದರೆ ನನಗೆ ಈಗಲೂ ನೆನಪಿದೆ.

ಆಮೇಲೆ ಸ್ಕ್ರಮ್ ಡಾಟ್ ಆರ್ಗ್‌ನಲ್ಲಿ ಸ್ಕ್ರಮ್ ಓಪನ್ ಅಂತ 30 ಪ್ರಶ್ನೆಯ ಅಭ್ಯಾಸ ಪರೀಕ್ಷೆ ಇದೆ. ಅದಕ್ಕೂ ದುಡ್ಡಿಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಬೇರೆ ಬೇರೆ ದಿನ ಬರೆದು ನೋಡಿ. ಪೂರ್ತಿ ಅಂಕ ಮತ್ತೆ ಮತ್ತೆ ಬರತೊಡಗಿದ ಮೇಲೆ ಮುಂದಿನ ಯೋಚನೆ.

ಅದರ ಜೊತೆಗೆ ಎರಡು ಕೆಲಸ. ನಿಮ್ಮ ಲೀಡ್ ರಜೆ ಹಾಕಿದ ದಿನ ಬೆಳಗಿನ ಮೀಟಿಂಗ್ ನಾನು ನಡೆಸುತ್ತೇನೆ ಅಂತ ಮುಂದೆ ಬನ್ನಿ. ಮತ್ತೆ ಒಂದು ನೋಟ್‌ಬುಕ್ ಇಟ್ಟು, ನಿಮ್ಮ ಹತ್ತಿರ ಬರುವ ಪ್ರತಿ ಕೆಲಸ ಎಷ್ಟು ದಿನ ನಡೆಯಿತು, ಎಷ್ಟು ದಿನ ಸುಮ್ನೆ ಕಾದಿತು, ಯಾರಿಗಾಗಿ, ಯಾಕೆ ಅಂತ ಬರೆಯಿರಿ. ಟೆಸ್ಟಿಂಗ್‌ನಲ್ಲಿ ಇರುವವರಿಗೆ ಇದು ಬೇರೆಯವರಿಗಿಂತ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಎಲ್ಲಾ ತಡ ಆಗಿ ಕೊನೆಗೆ ಬಂದು ಬೀಳುವುದು ನಿಮ್ಮ ಮೇಲೇ ಅಲ್ವಾ? ಮೂರು ತಿಂಗಳ ಆ ನೋಟ್‌ಬುಕ್ ನನ್ನ ಎದುರು ಇಟ್ಟರೆ ನಾನು ಸರ್ಟಿಫಿಕೇಟ್ ಕೇಳುವುದಿಲ್ಲ.

ಸೊಸೈಟಿ ಕಡೆ ಹೋಗುವ ಮೊದಲು ಈ ಭಾನುವಾರ ಕೂತು, ನೀವು ನಿಜಕ್ಕೂ ಅರ್ಜಿ ಹಾಕಬಹುದಾದ 20 ಕೆಲಸದ ಜಾಹೀರಾತು ತೆಗೆದು ಓದಿ. ಊರಿನವು, ಹುಬ್ಬಳ್ಳಿಯವು, ಪುಣೆಯವು, ಮನೆಯಿಂದ ಮಾಡುವಂಥವು, ಎಲ್ಲಾ. ಎಷ್ಟರಲ್ಲಿ ಸರ್ಟಿಫಿಕೇಟ್ ಬೇಕೇ ಬೇಕು ಅಂತಿದೆ, ಯಾವುದು ಅಂತಿದೆ, ಗೀಟು ಹಾಕಿ ಎಣಿಸಿ. ನಾಲ್ಕೈದರಲ್ಲಿ ಮಾತ್ರ ಇದ್ದರೆ ಈ ವರ್ಷ ಬಿಟ್ಟುಬಿಡಿ. ಅರ್ಧಕ್ಕಿಂತ ಜಾಸ್ತಿ ಇದ್ದರೆ, ಸಂಬಳದಲ್ಲಿ ತಿಂಗಳಿಗೆ ಮೂರು ಸಾವಿರದಂತೆ ಎತ್ತಿಟ್ಟು ಆರು ತಿಂಗಳಿಗೆ ಪಿಎಸ್‌ಎಂ ಒಂದನ್ನೇ ಬರೆಯಿರಿ. ಎಣಿಸಿದ ಲೆಕ್ಕ ಇಲ್ಲಿ ಹಾಕಿದರೆ ನಾನೂ ನೋಡಿ ಹೇಳುತ್ತೇನೆ.