ಮೂರನೇ ನುಡಿಗೆ ದನಿ ಬಿದ್ದುಹೋಗುವುದಕ್ಕೆ

ದಾವಣಗೆರೆಯ ನಿಮ್ಮ ಓಣಿ ಗುಡಿಯ ಭಜನೆಯಲ್ಲಿ ಪಲ್ಲವಿಗೆ ಎಲ್ಲರೂ ಸೇರಿ, ಮೂರನೇ ನುಡಿಗೆ ಇಬ್ಬರೇ ಉಳಿಯುತ್ತಿರುವುದು ಬಹುಶಃ ಶ್ರುತಿ, ಅಂದರೆ ಹಾಡಿಗೆ ಹಿಡಿದ ಆಧಾರ ಸ್ವರ, ಎತ್ತರವಾಗಿರುವುದರಿಂದ, ಭಕ್ತಿ ಕಡಿಮೆಯಾಗಿ ಅಲ್ಲ. ಮುಂದೆ ಹೇಳುವ ಅಣ್ಣನವರು ಪೇಟಿಯಲ್ಲಿ (ಹಾರ್ಮೋನಿಯಂ) ಬಿಳಿ 3, ಅಂದರೆ ಮೂರನೇ ಬಿಳಿ ಮನೆಯನ್ನು ಷಡ್ಜವಾಗಿ (ಸ) ಹಿಡಿಯುತ್ತಾರೆ ಅಂದಿರಿ. ಅದು ಅವರ ಗಂಟಲಿಗೆ ಸರಿ. ಆದರೆ ನುಡಿ ಮೇಲಿನ ಷಡ್ಜ (ಎತ್ತರದ ಸ) ಮುಟ್ಟಿದ ಕೂಡಲೇ ಗಂಡಸರೂ ಹೆಂಗಸರೂ ಬಾಯಿ ಮುಚ್ಚುತ್ತಾರೆ.

ಹಾಡಿನ ತೀರಾ ಮೇಲಿನ ಸಾಲನ್ನೇ ಮೊದಲು ಎಲ್ಲರಿಂದ ಹೇಳಿಸಿ ನೋಡಿ. ಗದ್ದ ಮೇಲೆತ್ತಿ ಕೂಗುತ್ತಿದ್ದರೆ ಶ್ರುತಿಯನ್ನು ಒಂದೊಂದೇ ಮನೆ ಇಳಿಸಿ; ಕಪ್ಪು 1 ಇಲ್ಲವೇ ಬಿಳಿ 1ಕ್ಕೆ ನಿಲ್ಲಬಹುದು, ನಿಮ್ಮವರ ದನಿ ಕೇಳದೆ ಖಚಿತ ಹೇಳಲಾರೆ. ಸಿಕ್ಕಿದ್ದನ್ನು ಹಾಡಿನ ಪುಸ್ತಕದ ಅಂಚಿನಲ್ಲಿ ಬರೆದಿಡಿ.

ಆಮೇಲೆ ತಾಳ. ದಮ್ಮಡಿ (ಕೈಯಲ್ಲಿ ಹಿಡಿದು ಬಾರಿಸುವ ತಾಳವಾದ್ಯ) ಬಾರಿಸುವವರು ಹುರುಪಿನಲ್ಲಿ ಓಡಿದರೆ ಪದ ನುಂಗಿಹೋಗುತ್ತದೆ, ಅರ್ಥ ಮನಸ್ಸಿಗೆ ಇಳಿಯುವುದೇ ಇಲ್ಲ. ದುಗುಣ (ಎರಡು ಪಟ್ಟು ವೇಗ) ಕೊನೆಯ ಆವರ್ತಕ್ಕೆ (ತಾಳದ ಸುತ್ತು) ಮಾತ್ರ. ಹಿಂದೆ ಹೇಳುವವರು ಸಾಲು ಮುಗಿಸಿ ಉಸಿರು ತಗೊಳ್ಳುವವರೆಗೆ ಅಣ್ಣನವರು ಮುಂದಿನ ಸಾಲು ಎತ್ತಬಾರದು; ಅರ್ಧ ಜನ ಕಳಚಿಕೊಳ್ಳುವುದು ಇಲ್ಲೇ. ಮಂಡಕ್ಕಿ-ಮಿರ್ಚಿ ಭಜನೆ ಮುಗಿದ ಮೇಲಿರಲಿ, ಎಣ್ಣೆ ಗಂಟಲು ಕಟ್ಟುತ್ತದೆ.

ಮುಂದಿನ ಸೋಮವಾರ ಶ್ರುತಿಯೊಂದನ್ನೇ ಬದಲಿಸಿ ನೋಡಿ, ತಾಳ ಅದರ ಮರುವಾರ.